ಪ್ರೋಟೀನ್ ಲೆಕ್ಕಕ್ಕೆ ಜೆಸ್ಕಾಂ ಬಿಲ್ಲು

ಹೊಸಪೇಟೆಯ ನಿಮ್ಮ ಮನೆ ಕಂಪ್ಯೂಟರ್ ರಾತ್ರಿಯಿಡೀ ಸುಮ್ಮನೆ ಕೂತಿರುತ್ತಲ್ಲ, ಆ ಬಿಡುವನ್ನ ವಿಜ್ಞಾನಿಗಳಿಗೆ ದಾನ ಕೊಡಬಹುದು. 1999ರಲ್ಲಿ ಶುರುವಾದ ಸೆಟಿ ಅಟ್ ಹೋಮ್ ಹೀಗೇ ಲಕ್ಷಾಂತರ ಮನೆಗಳ ಕಂಪ್ಯೂಟರ್‌ನಲ್ಲಿ ಅನ್ಯಗ್ರಹದ ಸಂಕೇತ ಹುಡುಕಿತು. ಫೋಲ್ಡಿಂಗ್ ಅಟ್ ಹೋಮ್ ಹುಡುಕೋದು ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತೆ ಅನ್ನೋದನ್ನ. ಸಾಫ್ಟ್‌ವೇರ್ ಪುಕ್ಕಟೆ. ಕರೆಂಟು ನಿಮ್ಮದು.

200 ವ್ಯಾಟ್ ಎಳೆಯೋ ಪಿಸಿ ಹಗಲೂ ರಾತ್ರಿ ಓಡಿದ್ರೆ ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 864. ಅಷ್ಟೇನಾ? ಅಲ್ಲ, ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಮರೆತ್ರಿ ನೋಡ್ರಿ! ಮನೆ ಬಳಕೆ 120 ಯೂನಿಟ್ ಇದ್ರೆ ಒಟ್ಟು 264 ಆಯ್ತು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಅದೇ ದರದಲ್ಲಿ 1,584 ರೂಪಾಯಿ, ನಿಗದಿತ ಶುಲ್ಕ, ತೆರಿಗೆ ಬೇರೆ.

ಆ 200 ವ್ಯಾಟ್ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತೆ. ಚಳಿ ದೇಶದಲ್ಲಿ ಅದು ಹೀಟರ್. ಏಪ್ರಿಲ್‌ನ ಕಂಪ್ಲಿ, ಸಂಡೂರಲ್ಲಿ ಶಿಕ್ಷೆ. ಎಸಿ ಇದ್ರಂತೂ ಅದನ್ನ ಹೊರಹಾಕೋಕೆ ಇನ್ನಷ್ಟು ಕರೆಂಟು.

40 ವ್ಯಾಟ್ ಲ್ಯಾಪ್‌ಟಾಪನ್ನ ರಾತ್ರಿ 8 ತಾಸು ಮಾತ್ರ ಓಡಿಸಿದ್ರೆ? ತಿಂಗಳಿಗೆ 10 ಯೂನಿಟ್ ಒಳಗೇ. ಇಂಥದೇ ಕೆಲಸದ ಬೋಯಿಂಕ್ ಸಾಫ್ಟ್‌ವೇರ್‌ನಲ್ಲಿ ಸಮಯಕ್ಕೂ ಪ್ರೊಸೆಸರ್‌ಗೂ ಮಿತಿ ಹಾಕೋ ಸೆಟ್ಟಿಂಗ್ ಇದೆ. ಮೊದಲು ಅದನ್ನ ಹಾಕಿ, ಆಮೇಲೆ ದಾನ ಶುರುಮಾಡಿ.