ಹಳೇ ಟ್ರ್ಯಾಕ್ಟರ್ ಕೊಂಡೆ, ರಿಪೇರಿ ಮಾಡಿಸಿದೆ: ಲೆಕ್ಕ ಮತ್ತು ಪಾಠ

ಮೃಗಶಿರ ಮಳೆ ಬಿದ್ದು ನೆಲ ಹದಕ್ಕೆ ಬಂತು ಅಂದರೆ ನಮ್ಮ ಕಡೆ ಜೋಳ ಬಿತ್ತೋಕೆ ನಾಲ್ಕೈದು ದಿನ ಮಾತ್ರ ಸಿಗುತ್ತೆ. ಆ ನಾಲ್ಕೈದು ದಿನ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಬಾಡಿಗೆಯವನು ಮೊದಲು ಹತ್ತೆಕರೆಯವರ ಹೊಲಕ್ಕೆ ಹೋಗುತ್ತಾನೆ, ಆಮೇಲೆ ನಮ್ಮ ಬಳಿ ಬರುತ್ತಾನೆ. ಅವನನ್ನೂ ದೂರುವ ಹಾಗಿಲ್ಲ. 2020ರಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಹದ ಆರಿಹೋಗಿತ್ತು. ಎರಡೆಕರೆ ಜೋಳ ಅರ್ಧಂಬರ್ಧ ಹುಟ್ಟಿತು. ಏನಾದರಾಗಲಿ, ನಮ್ಮದೇ ಒಂದು ಇರಲಿ ಅಂತ ಆಗಲೇ ನಿರ್ಧಾರ ಮಾಡಿದೆ.

ಶಿಕಾರಿಪುರ ತಾಲೂಕಿನಲ್ಲಿ ನನಗೆ ಆರೆಕರೆ ಇದೆ. ಪಕ್ಕದಲ್ಲೇ ತಮ್ಮನದು ಐದೆಕರೆ. ಹೊಸ ಟ್ರ್ಯಾಕ್ಟರಿಗೆ ಸಾಲ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಹಳೆಯದನ್ನೇ ಹುಡುಕಲು ಹೊರಟೆವು.

ಮೊದಲ ಪೆಟ್ಟು

ಮೊದಲು ನೋಡಿದ ಗಾಡಿ ಚೆನ್ನಾಗಿತ್ತು. ಹೊಸ ಕೆಂಪು ಬಣ್ಣ, ಒಂದೇ ಸೆಲ್ಫಿಗೆ ಸ್ಟಾರ್ಟ್. ನಾನು ಹಿಂದೆಮುಂದೆ ನೋಡದೆ 20,000 ರೂಪಾಯಿ ಮುಂಗಡ ಕೊಟ್ಟೆ. ಆರ್.ಸಿ. ಕೇಳಿದಾಗ ಗೊತ್ತಾಯ್ತು, ಅದು ತೀರಿಹೋದ ತಂದೆಯ ಹೆಸರಿನಲ್ಲೇ ಇದೆ. ಮಕ್ಕಳು ಮೂವರು, ಒಬ್ಬರಿಗೊಬ್ಬರು ಮಾತಿಲ್ಲ. ನನಗೆ ಮಾರಿದವನು ನಡುವಿನವನು. ಉಳಿದಿಬ್ಬರು ಸಹಿ ಹಾಕಲ್ಲ ಅಂದರು. ಎಂಟು ತಿಂಗಳು ಅಲೆದ ಮೇಲೆ 12,000 ಕೈಗೆ ಬಂತು, 8,000 ಹೋಯಿತು.

ಮಾಲೀಕ ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗ ಆಗಬೇಕು, ಅದಕ್ಕೆ ಫಾರಂ 31. ಆಮೇಲೆ ಅವರು ನಿಮಗೆ ಮಾರಬೇಕು. ಈ ಕೆಲಸ ಮಾರುವವರೇ ಮಾಡಿಕೊಡಬೇಕು. "ನೀವು ಕೊಂಡುಕೊಳ್ಳಿ, ಆಮೇಲೆ ಮಾಡಿಸೋಣ" ಅಂದರೆ ಎದ್ದು ಬನ್ನಿ.

ಕಾಗದ ಮೊದಲು, ಎಂಜಿನ್ ಆಮೇಲೆ

ಎರಡನೇ ಸಲ ಸಿಕ್ಕಿದ್ದು 1994ರ ಮ್ಯಾಸ್ಸಿ ಫರ್ಗ್ಯೂಸನ್ 1035. ಬೆಲೆ 1,40,000. ಈ ಸಲ ಗಾಡಿ ಮುಟ್ಟುವ ಮೊದಲು ಕಾಗದ ನೋಡಿದೆ. ನೋಡಬೇಕಾದದ್ದು ಇಷ್ಟು:

ಆರ್.ಸಿ.ಯಲ್ಲಿರುವ ಎಂಜಿನ್ ನಂಬರ್, ಛಾಸಿ ನಂಬರ್ ಗಾಡಿಯ ಮೇಲೆ ಇರುವುದಕ್ಕೆ ಸರಿಹೊಂದಬೇಕು. ಮಣ್ಣು, ಗ್ರೀಸ್ ಕೆರೆದು ನೀವೇ ಓದಿ.

ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಗಾಡಿಯನ್ನು ಆರ್.ಟಿ.ಓ. ಕಚೇರಿಗೆ ತೋರಿಸಬೇಕು. ಎಷ್ಟೋ ಹಳೇ ಗಾಡಿಗಳು ನವೀಕರಣವಿಲ್ಲದೆ ಓಡುತ್ತಿವೆ. ಅಂಥದ್ದನ್ನು ಕೊಂಡರೆ ತಡವಾದದ್ದಕ್ಕೆಲ್ಲ ದಂಡ ನಿಮ್ಮ ತಲೆಗೆ.

ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ. ನನ್ನ ಗಾಡಿಯದ್ದರಲ್ಲಿ ಇತ್ತು. ಸಾಲ ತೀರಿ ಎಷ್ಟೋ ವರ್ಷ ಆಗಿದ್ದರೂ ಯಾರೂ ಅದನ್ನು ತೆಗೆಸಿರಲಿಲ್ಲ. ಬ್ಯಾಂಕಿನಿಂದ ಬಾಕಿ ಇಲ್ಲ ಅಂತ ಪತ್ರ ತಂದು ಫಾರಂ 35 ಕೊಟ್ಟ ಮೇಲೆ ತೆಗೆದರು. ಅಲ್ಲೀವರೆಗೆ ನಾನು ಪೂರ್ತಿ ಹಣ ಕೊಡಲಿಲ್ಲ.

ಮಾಲೀಕರ ಬದಲಾವಣೆಗೆ ಫಾರಂ 29, 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಬೇಕು. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ವಿಮೆ ನಿಮ್ಮ ಹೆಸರಿಗೆ ಆಗುವ ತನಕ ರಸ್ತೆಗೆ ಇಳಿಸಬೇಡಿ. ಅಪಘಾತವಾದರೆ ಆರೆಕರೆ ಮಾರಿದರೂ ಸಾಲದು.

ಗಾಡಿ ನೋಡುವ ಕ್ರಮ

ಹೇಳದೆ ಕೇಳದೆ ಬೆಳಿಗ್ಗೆ ಬೇಗ ಹೋಗಿ. ಮೊದಲು ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತೆ.

ಎಣ್ಣೆ ಕಡ್ಡಿ ಎಳೆದು ನೋಡಿ. ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಚಹಾದ ಹಾಗಿದ್ದರೆ ನೀರು ಸೇರಿದೆ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಎಂಜಿನ್ ಓಡುವಾಗ ಒಂದೇ ಸಮ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಹೆಡ್ ಬಿರಿದಿರಬಹುದು.

ಆಮೇಲೆ ಹೊಗೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ, ರಿಂಗು, ಲೈನರು ಸವೆದಿವೆ. ಕಪ್ಪು ಹೊಗೆ ಅಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಜಾಸ್ತಿ. ಏರ್ ಕ್ಲೀನರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಬಿಳಿ ಹೊಗೆ ಸ್ಟಾರ್ಟ್ ಆದಾಗ ಸ್ವಲ್ಪ ಬರುವುದು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಅನುಮಾನಿಸಿ. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗಿನ ಕೆಲಸ ಗ್ಯಾರಂಟಿ.

ಕಲ್ಟಿವೇಟರ್ ಕಟ್ಟಿಸಿ ಅರ್ಧ ಗಂಟೆ ಉಳುಮೆ ಮಾಡಿಸಿ. ಎಳೆಯುವಾಗ ಗೇರು ತಾನಾಗಿ ಬಿಟ್ಟುಕೊಳ್ಳುತ್ತಾ ನೋಡಿ. ಎಣ್ಣೆ ಬಿಸಿಯಾದ ಮೇಲೆ ಲಿಫ್ಟ್ ಎತ್ತಿಸಿ. ತಣ್ಣಗಿರುವಾಗ ಎತ್ತುವ ಲಿಫ್ಟ್ ಬಿಸಿಯಾದಾಗ ಕುಂಟಿದರೆ ಪಂಪು ಸವೆದಿದೆ. ಮೇಲೆತ್ತಿ ಎಂಜಿನ್ ನಿಲ್ಲಿಸಿದ ಕೂಡಲೇ ದಡಕ್ಕನೆ ಇಳಿದರೆ ಒಳಗೆ ಎಲ್ಲೋ ಸೋರಿಕೆ. ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ, ಕಿಂಗ್‌ಪಿನ್ ಬುಷ್ ಸವೆತ ಕೈಗೇ ಸಿಗುತ್ತೆ. ಗಂಟೆ ಮೀಟರನ್ನು ನಂಬಬೇಡಿ. ಕ್ಲಚ್ ಪೆಡಲ್ ಎಷ್ಟು ಸವೆದಿದೆ, ಲಿಂಕಿನ ತೂತು ಎಷ್ಟು ಅಗಲವಾಗಿದೆ ನೋಡಿ. ಬಣ್ಣವಂತೂ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮುಖ್ಯ ವಿಷಯ ಬಿಡಿಭಾಗ. 1960ರಲ್ಲಿ ಶುರುವಾದ ಮದ್ರಾಸಿನ ಟಾಫೆ ಕಂಪನಿ ಮಾಡಿದ ಗಾಡಿ ಇದು, ಎಂಜಿನ್ ಸಿಂಪ್ಸನ್ನಿನದು. ಹಳ್ಳಿ ಮೇಸ್ತ್ರಿಗೂ ಪರಿಚಯ, ಸಾಮಾನು ತಾಲೂಕು ಕೇಂದ್ರದಲ್ಲೇ ಸಿಗುತ್ತೆ. ಎಚ್.ಎಂ.ಟಿ. ಕೂಡ ಗಟ್ಟಿ ಗಾಡಿಯೇ. 1971ರಿಂದ ಪಿಂಜೋರಿನಲ್ಲಿ ಆಗುತ್ತಿತ್ತು. ಆದರೆ ಆ ಘಟಕ ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂಥದ್ದನ್ನು ಕೊಳ್ಳುವ ಮೊದಲು ನಿಮ್ಮ ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ ಒಂದು ಮಾತು ಕೇಳಿ.

ಸ್ಕ್ರೂಡ್ರೈವರ್ ಕಲಿಸಿದ ಬುದ್ಧಿ

ಗಾಡಿ ಮನೆಗೆ ಬಂದಾಗ ಸೆಲ್ಫ್ ಸ್ವಿಚ್ ಕೆಲಸ ಮಾಡುತ್ತಿರಲಿಲ್ಲ. ಹಳೇ ಮಾಲೀಕರು ಪಕ್ಕದಲ್ಲಿ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಒಂದು ವಾರ ಏನೂ ಆಗಲಿಲ್ಲ. ಎಂಟನೇ ದಿನ ಸಂಜೆ ಗೇರಿನಲ್ಲಿ ಇದ್ದದ್ದು ಮರೆತು ಸ್ಕ್ರೂಡ್ರೈವರ್ ಮುಟ್ಟಿಸಿದೆ. ಗಾಡಿ ಸ್ಟಾರ್ಟ್ ಆಗಿ ಹೊರಟೇಬಿಟ್ಟಿತು. ಹಿಂದಿನ ಚಕ್ರ ನನ್ನ ಕಾಲ ಬೆರಳಿನಿಂದ ಒಂದು ಗೇಣು ದೂರದಲ್ಲಿ ಹೋಯಿತು. ಕೊಟ್ಟಿಗೆ ಕಂಬಕ್ಕೆ ಗುದ್ದಿ ನಿಂತಿತು. ಕಂಬದ ಆಚೆ ನಮ್ಮ ಮನೆಯವರು ಹಾಲು ಕರೆಯುತ್ತಾ ಕೂತಿದ್ದರು. ಕಂಬ ಹಲಸಿನದಾದ್ದರಿಂದ ತಡೆಯಿತು. ಅವರು ನನ್ನನ್ನು ಬೈಯಲಿಲ್ಲ, ಒಂದು ಮಾತೂ ಆಡದೆ ಒಳಗೆ ಹೋದರು. ಅದೇ ನನಗೆ ಹೆಚ್ಚು ಚುಚ್ಚಿತು.

ಆ ರಾತ್ರಿಯೇ ರಿಪೇರಿಯ ಪಟ್ಟಿ ತಿದ್ದಿದೆ. ಮೊದಲು ವೈರಿಂಗ್, ಬ್ರೇಕು, ಸ್ಟೀರಿಂಗ್. ಎಂಜಿನ್ ಆಮೇಲೆ. ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟ್ ಆಗದ ಹಾಗೆ ಸುರಕ್ಷತಾ ಸ್ವಿಚ್ ಕೂಡಿಸಿದೆ. ಯಾರೇ ಆಗಲಿ ಸೀಟಿನ ಮೇಲೆ ಕೂತೇ ಸ್ಟಾರ್ಟ್ ಮಾಡಬೇಕು ಅಂತ ಮನೆಯಲ್ಲಿ ಕಟ್ಟು ಮಾಡಿದೆ. ಎರಡು ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಕಳೆದುಹೋಗಿತ್ತು, ಅದನ್ನೂ ಹಾಕಿಸಿದೆ. ಹೊಲದಲ್ಲಿ ತಿರುಗಿಸಲು ಒಂದೊಂದು ಬ್ರೇಕ್ ಬೇಕು. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಒಂದೇ ಬದಿ ಹಿಡಿದರೆ ಗಾಡಿ ಮಗುಚುತ್ತೆ.

ಎಂಜಿನ್ ಬಿಚ್ಚಿದಾಗ

ಎಂಜಿನ್ ಇಷ್ಟು ಸವೆಯಲು ಕಾರಣ ಒಂದು ಬಿರುಕು ಬಿಟ್ಟ ರಬ್ಬರ್ ಪೈಪು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ಪೈಪು ಅದು. ಅಲ್ಲಿಂದ ಒಳಹೋದ ಧೂಳು ಎಣ್ಣೆಯ ಜೊತೆ ಸೇರಿ ಸಾಣೆ ಕಲ್ಲಿನ ಹಾಗೆ ಲೈನರನ್ನು ತಿಂದಿತ್ತು. ಹಳೇ ಗಾಡಿಗಳಲ್ಲಿ ಏರ್ ಕ್ಲೀನರಿನ ಬಟ್ಟಲಲ್ಲಿ ಎಣ್ಣೆ ಇರುತ್ತೆ. ಧೂಳಿನ ಕೆಲಸ ಇದ್ದರೆ ದಿನಾ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ಹಾಕಬೇಕು. ಕೆಲವು ರೂಪಾಯಿಯ ಪೈಪು ನನಗೆ ಐವತ್ತು ಸಾವಿರದ ಕೆಲಸ ತಂದಿಟ್ಟಿತು.

ಲೈನರು, ಪಿಸ್ಟನ್, ರಿಂಗು, ಬೇರಿಂಗು ಹೊಸದು. ಕ್ರ್ಯಾಂಕ್ ಅಳೆಸಿ, ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕ ಸೈಜಿನ ಬೇರಿಂಗ್ ತಂದೆವು. ಅಳೆಯದೆ ಬೇರಿಂಗ್ ತರುವ ಮೇಸ್ತ್ರಿಗೆ ಎಂಜಿನ್ ಕೊಡಬೇಡಿ. ಡೀಸೆಲ್ ಪಂಪನ್ನು ಹೊಲದ ಬದುವಿನಲ್ಲಿ ಬಿಚ್ಚುವ ಕೆಲಸವೇ ಬೇಡ, ಟೆಸ್ಟ್ ಬೆಂಚ್ ಇರುವಲ್ಲಿಗೇ ಒಯ್ಯಿರಿ. ಇಂಜೆಕ್ಟರಿನ ಸಿಂಪಣೆ ನೋಡುವಾಗ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡ ಮಾಡಿದರೆ ಬೆರಳೇ ಹೋದೀತು.

ಈ ಗಾಡಿಯಲ್ಲಿ ಗೇರ್‌ಬಾಕ್ಸ್, ಹೈಡ್ರಾಲಿಕ್ ಎರಡಕ್ಕೂ ಒಂದೇ ಎಣ್ಣೆ. ನಮ್ಮದರಲ್ಲಿ ಅದೂ ಬೆಳ್ಳಗಾಗಿತ್ತು. ಗೇರ್ ಲಿವರಿನ ರಬ್ಬರ್ ಟೋಪಿ ಹರಿದು ಮಳೆನೀರು ಇಳಿದಿತ್ತು. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸುವವರು ಇದನ್ನು ಗಮನಿಸಿ.

ಎಂಜಿನ್ ಕಟ್ಟಿದ ಮೇಲೆ ಮೊದಲ 50 ಗಂಟೆ ಹಗುರ ಕೆಲಸ ಮಾತ್ರ ಮಾಡಿಸಿ ಎಣ್ಣೆ ಬದಲಾಯಿಸಿದೆ. ಸುಮ್ಮನೆ ನಿಂತಲ್ಲೇ ಗಂಟೆಗಟ್ಟಲೆ ಓಡಿಸುವುದೂ ಒಳ್ಳೆಯದಲ್ಲ, ರಿಂಗು ಸರಿಯಾಗಿ ಕೂರುವುದಿಲ್ಲ.

ಖರ್ಚಿನ ಲೆಕ್ಕ

ಎಂಜಿನ್ ಕೆಲಸ: 52,000
ಡೀಸೆಲ್ ಪಂಪು, ಇಂಜೆಕ್ಟರ್: 11,500
ಕ್ಲಚ್: 9,000
ಹೈಡ್ರಾಲಿಕ್ ರಿಪೇರಿ, ಎಣ್ಣೆ: 12,000
ಬ್ರೇಕು, ಸ್ಟೀರಿಂಗ್, ಕಿಂಗ್‌ಪಿನ್: 8,000
ವೈರಿಂಗ್, ಬ್ಯಾಟರಿ: 9,500
ಮುಂದಿನ ಟೈರ್ ಜೋಡಿ: 8,000
ಆರ್.ಸಿ., ವಿಮೆ: 6,000

ಒಟ್ಟು 1,16,000. ಗಾಡಿ ಬೆಲೆ ಸೇರಿ 2,56,000. ಮೇಸ್ತ್ರಿ ಮೊದಲು ಹೇಳಿದ್ದು 60,000. ಅವರು ಸುಳ್ಳು ಹೇಳಿದ್ದಲ್ಲ, ಬಿಚ್ಚದೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ದರ ಎರಡರಷ್ಟು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ. ಹಿಂದಿನ ಟೈರು ಇನ್ನೂ ಬಾಕಿ ಇದೆ.

ಯಾರಿಗೆ ಲಾಭ?

ಕಳೆದ ವರ್ಷ ನಮ್ಮಿಬ್ಬರ ಹನ್ನೊಂದು ಎಕರೆಗೆ, ಗೊಬ್ಬರ ಸಾಗಿಸಿದ್ದೂ ಸೇರಿ, 110 ಗಂಟೆ ಓಡಿತು. ಬಾಡಿಗೆ ಗಂಟೆಗೆ 1,000 ಹಿಡಿದರೆ 1,10,000. ನಮ್ಮ ಡೀಸೆಲ್ಲಿಗೆ 35,000, ಎಣ್ಣೆ, ಫಿಲ್ಟರ್, ಸಣ್ಣಪುಟ್ಟ ರಿಪೇರಿಗೆ 15,000. ಉಳಿದದ್ದು 60,000. ಅಂದರೆ ಹಾಕಿದ ಹಣ ನಾಲ್ಕು ವರ್ಷ ದಾಟಿದ ಮೇಲೆ ಬರುತ್ತೆ. ನಮ್ಮ ಕೂಲಿ ಇದರಲ್ಲಿ ಸೇರಿಲ್ಲ.

ಅದೇ ನಾಲ್ಕೆಕರೆಯವರು ಒಬ್ಬರೇ ಕೊಂಡು ವರ್ಷಕ್ಕೆ 40 ಗಂಟೆ ಓಡಿಸಿದರೆ? ಬಾಡಿಗೆ ಉಳಿತಾಯ 40,000. ಡೀಸೆಲ್, ರಿಪೇರಿ ಕಳೆದರೆ ಹನ್ನೆರಡು ಸಾವಿರ ಚಿಲ್ಲರೆ ಉಳಿಯುತ್ತೆ. ಹಾಕಿದ ಹಣ ಬರೋಕೆ ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ಗಾಡಿಯೂ ಉಳಿಯಲ್ಲ. ಅಂಥವರು ಕೊಳ್ಳಬೇಡಿ, ಇಲ್ಲವೇ ಇಬ್ಬರು ಮೂವರು ಸೇರಿ ಕೊಳ್ಳಿ. ಸೇರುವ ಮೊದಲು ಯಾರ ಹೊಲ ಮೊದಲು, ರಿಪೇರಿ ಹಣ ಯಾರದು ಅಂತ ಬರೆದಿಟ್ಟುಕೊಳ್ಳಿ. ನಾನೂ ತಮ್ಮನೂ ಬರೆದುಕೊಂಡಿದ್ದೇವೆ. ಒಂದು ವರ್ಷ ನನ್ನ ಹೊಲ ಮೊದಲು, ಮರುವರ್ಷ ಅವನದು.

ಈ ಸಲದ ಮೃಗಶಿರಕ್ಕೆ ಅವನ ಸರದಿ. ನನ್ನ ಹೊಲಕ್ಕೆ ಗಾಡಿ ಬಂದದ್ದು ಎರಡನೇ ದಿನ ಮಧ್ಯಾಹ್ನ. ಹದ ಇನ್ನೂ ಇತ್ತು.