ನಾರ್ವಿಚ್ ಶಾಲೆ

ನಾರ್ವಿಚ್ ಶಾಲೆಯು ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ನಾರ್ವಿಚ್ ನಗರದಲ್ಲಿ, ಕ್ಯಾಥೆಡ್ರಲ್ ಆವರಣದಲ್ಲಿರುವ ಪುರಾತನ ಖಾಸಗಿ ಶಾಲೆ. ಬಿಷಪ್ಪರ ಪೀಠವಿರುವ ಪ್ರಧಾನ ಚರ್ಚಿಗೆ ಕ್ಯಾಥೆಡ್ರಲ್ ಎಂದು ಹೆಸರು. ವಿದ್ಯಾರ್ಥಿಗಳು ಪ್ರತಿದಿನ ಮನೆಯಿಂದ ಬಂದು ಹೋಗುತ್ತಾರೆ. ಹಿಂದೆ ಇದ್ದ ವಸತಿ ವ್ಯವಸ್ಥೆ 20ನೇ ಶತಮಾನದ ಅಂತ್ಯದಲ್ಲಿ ನಿಂತಿತು. ಊರಿನ ಹೆಸರನ್ನು ಸ್ಥಳೀಯರು ‘ನಾರಿಜ್’ ಎಂದು ಉಚ್ಚರಿಸುತ್ತಾರೆ.

ಸ್ಥಾಪನೆ

ಬಿಷಪ್ ಹರ್ಬರ್ಟ್ ಡಿ ಲೊಸಿಂಗಾ 1096ರಲ್ಲಿ ಕ್ಯಾಥೆಡ್ರಲ್ಲಿನ ನಿರ್ಮಾಣವನ್ನು ಆರಂಭಿಸಿದನು. ಶಾಲೆಯು ತನ್ನ ಮೂಲವನ್ನು ಆ ವರ್ಷಕ್ಕೇ ಒಯ್ಯುತ್ತದೆ. ಆದರೆ ಅಂದಿನ ಧಾರ್ಮಿಕ ಶಾಲೆಯನ್ನೂ ಇಂದಿನ ಸಂಸ್ಥೆಯನ್ನೂ ಒಂದೇ ಎಂದು ಭಾವಿಸುವುದು ಸರಿಯಾಗಲಾರದು. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಕ್ಯಾಥೆಡ್ರಲ್ಲಿನ ಸಂನ್ಯಾಸಿ ಮಠ ವಿಸರ್ಜನೆಗೊಂಡಿತು. ಅವನ ಮಗ ಆರನೆಯ ಎಡ್ವರ್ಡನ 1547ರ ಸನದು ಊರಿನ ಧರ್ಮಾಸ್ಪತ್ರೆಯನ್ನು ನಗರಾಡಳಿತಕ್ಕೆ ಒಪ್ಪಿಸಿ, ಶಾಲೆಯನ್ನು ನಡೆಸುವ ಹೊಣೆಯನ್ನೂ ಅದಕ್ಕೇ ಹೊರಿಸಿತು. ಹೀಗೆ ಕ್ಯಾಥೆಡ್ರಲ್ಲಿನ ನೆರಳಿನಲ್ಲಿ ನಿಂತ ಶಾಲೆಗೆ ಯಜಮಾನಿಕೆ ನಗರದ್ದಾಯಿತು. ಉಚಿತ ಶಿಕ್ಷಣಕ್ಕೆಂದು ಹುಟ್ಟಿದ ಈ ಶಾಲೆ ಇಂದು ಶುಲ್ಕದ ಮೇಲೆ ನಡೆಯುತ್ತದೆ. ಕೆಲವರಿಗೆ ಶುಲ್ಕ ವಿನಾಯಿತಿ ಉಂಟು.

ಕಾರ್ನರಿ ಮಂದಿರ

ಶಾಲೆಯ ಅತ್ಯಂತ ಪ್ರಸಿದ್ಧ ಕಟ್ಟಡವನ್ನು 1316ರಲ್ಲಿ ಬಿಷಪ್ ಜಾನ್ ಸಾಲ್ಮನ್ ಸ್ಥಾಪಿಸಿದನು. ಕೆಳಗಿನ ನೆಲಮಾಳಿಗೆಯಲ್ಲಿ ನಗರದ ಸ್ಮಶಾನಗಳಿಂದ ತೆಗೆದ ಅಸ್ಥಿಗಳನ್ನು ಇಡಲಾಗುತ್ತಿತ್ತು. ಮೇಲಿನ ಮಂದಿರದಲ್ಲಿ ಪಾದ್ರಿಗಳು ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಮತಸುಧಾರಣೆಯು ಇಂತಹ ಪ್ರಾರ್ಥನೆಯನ್ನು ತಳ್ಳಿಹಾಕಿದ್ದರಿಂದ ಕಟ್ಟಡಕ್ಕೆ ಕೆಲಸವಿಲ್ಲದಾಯಿತು. 16ನೇ ಶತಮಾನದ ಮಧ್ಯಭಾಗದಲ್ಲಿ ಶಾಲೆ ಅಲ್ಲಿಗೆ ಬಂದಿತು. ಅಸ್ಥಿಗೃಹದ ಮೇಲೆ ಶತಮಾನಗಳ ಕಾಲ ಲ್ಯಾಟಿನ್ ಪಾಠ ನಡೆದುದು ವಿಚಿತ್ರವೇ ಸರಿ. ಈಗ ಅದು ಮತ್ತೆ ಪ್ರಾರ್ಥನಾಮಂದಿರವಾಗಿದೆ.

ವಿದ್ಯಾರ್ಥಿಗಳು ಮತ್ತು ಶಿಕ್ಷಕರು

ರಾಜನೂ ಕಾನೂನಿಗೆ ಅಧೀನನೆಂದು ವಾದಿಸಿದ ನ್ಯಾಯಾಧೀಶ ಎಡ್ವರ್ಡ್ ಕೋಕ್ ಇಲ್ಲಿಯೇ ಓದಿದನು. ನೌಕಾಧಿಪತಿ ಹೊರೇಶಿಯೋ ನೆಲ್ಸನ್ ಇಲ್ಲಿ ಕಲಿತದ್ದು ಸ್ವಲ್ಪ ಕಾಲ ಮಾತ್ರ. ಆದರೂ ಅವನ ಪ್ರತಿಮೆ ಶಾಲೆಯ ಎದುರಿಗೇ ನಿಂತಿದೆ. ಭಾರತದಲ್ಲಿ ಹುಟ್ಟಿ, ಮುಂದೆ ಬೋರ್ನಿಯೋ ದ್ವೀಪದ ಸರಾವಾಕಿನ ರಾಜನಾದ ಜೇಮ್ಸ್ ಬ್ರೂಕ್ ಈ ಶಾಲೆಯಿಂದ ಓಡಿಹೋದ ಹುಡುಗ. ನಿಸರ್ಗಚಿತ್ರಕಾರ ಜಾನ್ ಕ್ರೋಮ್ ಇಲ್ಲಿ ಚಿತ್ರಕಲೆ ಕಲಿಸುತ್ತಿದ್ದನು. ಕಲಾ ಚರಿತ್ರೆಯಲ್ಲಿ ಬರುವ ‘ನಾರ್ವಿಚ್ ಸ್ಕೂಲ್’ ಎಂಬುದು ಅವನಿಂದ ಬೆಳೆದ ಚಿತ್ರಕಾರರ ಪಂಥ, ಈ ಶಾಲೆಯಲ್ಲ.

ಇಂದು

ಬಹುಕಾಲ ಬಾಲಕರಿಗೆ ಮಾತ್ರ ಮೀಸಲಾಗಿದ್ದ ಶಾಲೆಯು 1994ರಲ್ಲಿ ಮೇಲ್ತರಗತಿಗಳಿಗೆ, ಅನಂತರ ಉಳಿದ ತರಗತಿಗಳಿಗೂ ಬಾಲಕಿಯರನ್ನು ಸೇರಿಸಿಕೊಂಡಿತು. ಶಾಲೆಯ ಸಭೆಗಳು ಕ್ಯಾಥೆಡ್ರಲ್ಲಿನಲ್ಲಿಯೇ ಸೇರುತ್ತವೆ; ಅಲ್ಲಿನ ಗಾಯನವೃಂದದ ಬಾಲಕರು ಈ ಶಾಲೆಯಲ್ಲಿಯೇ ಓದುತ್ತಾರೆ.