ಅಮೃತಶಿಲೆಯ ಸಿಂಕೂ ಹುಣಸೆಯ ಹುಳಿಯೂ

ಹೆಸರಿನಲ್ಲಿ ಅಮೃತವನ್ನು ಹೊತ್ತಿದ್ದರೂ ಅಮೃತಶಿಲೆ ಅಳಿವಿಲ್ಲದ ಕಲ್ಲೇನೂ ಅಲ್ಲ. ಹಿತ್ತಾಳೆಯ ದೀಪವನ್ನು ಥಳಥಳಿಸುವಂತೆ ಬೆಳಗುವ ಹುಣಸೆಹಣ್ಣು ಆ ಕಲ್ಲಿನ ಸಿಂಕಿನಲ್ಲಿ ಅರ್ಧ ಗಳಿಗೆ ಬಿದ್ದಿದ್ದರೆ ಸಾಕು, ತೊಳೆದ ಮೇಲೆ ಅಲ್ಲಿ ಮಂಕಾದ ಮಚ್ಚೆಯೊಂದು ಕಾಣಿಸಿಕೊಳ್ಳುತ್ತದೆ. ಎಷ್ಟು ಸಾಬೂನು ಹಚ್ಚಿ ಉಜ್ಜಿದರೂ ಅದು ಹೋಗದು. ಹೋಗುವುದಾದರೂ ಹೇಗೆ? ಅಲ್ಲಿ ಕಲ್ಲೇ ಕೊಂಚ ಕರಗಿಹೋಗಿದೆ.

ಸುಣ್ಣಕಲ್ಲಿನ ಪದರಗಳು ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಕ್ಕಿ ಮರಳಿ ಹರಳುಗಟ್ಟಿದಾಗ ಅಮೃತಶಿಲೆ ಹುಟ್ಟುತ್ತದೆ. ತಾಜಮಹಲಿಗೆ ಕಲ್ಲನ್ನೊದಗಿಸಿದ ರಾಜಸ್ಥಾನದ ಮಕ್ರಾಣದಲ್ಲಾಗಲಿ, ಇಟಲಿಯ ಕರಾರಾದಲ್ಲಾಗಲಿ ಈ ಹರಳುಗಳು ಮುಖ್ಯವಾಗಿ ಕ್ಯಾಲ್ಸೈಟ್, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗಲಿದೊಡನೆ ಇದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕರಗುತ್ತದೆ. ನಮ್ಮ ಅಡಿಗೆಮನೆಯಾದರೋ ಆಮ್ಲಗಳ ಉಗ್ರಾಣ: ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ. ಸಾರಿನ ಪಾತ್ರೆ ತೊಳೆಯುವಲ್ಲಿ ಅಮೃತಶಿಲೆಯನ್ನು ಕೂರಿಸುವುದು ಜಾಣತನವಲ್ಲವೆಂದೇ ನಮ್ಮ ಅಭಿಪ್ರಾಯ. ಅಲ್ಲಿಗೆ ಗ್ರಾನೈಟೇ ಸರಿ. ಕೈ ಮುಖ ತೊಳೆಯುವ ಕಡೆ ಬೇಕಾದರೆ ಅಮೃತಶಿಲೆಯ ಚೆಲುವನ್ನು ಅನುಭವಿಸೋಣ.

ಕೊಳ್ಳುವ ಮುನ್ನ ಅಂಗಡಿಯವನಿಂದ ಅದೇ ಕಲ್ಲಿನ ಒಡೆದ ಚೂರೊಂದನ್ನು ಕೇಳಿ ತರಬೇಕು. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಮಾನದಲ್ಲಿ ಕ್ಯಾಲ್ಸೈಟಿಗೆ 3, ಗ್ರಾನೈಟಿನಲ್ಲಿರುವ ಬೆಣಚುಕಲ್ಲಿಗೆ 7. ಚಾಕುವಿನ ಉಕ್ಕು ಇವೆರಡರ ನಡುವಿನದು. ಆದ್ದರಿಂದ ಚಾಕುವಿನ ಮೊನೆಯಿಂದ ಗೀರಿದರೆ ಅಮೃತಶಿಲೆಯ ಮೇಲೆ ಸುಲಭವಾಗಿ ಗೆರೆ ಮೂಡುತ್ತದೆ. ಒಡೆದ ಅಂಚನ್ನು ಬಿಸಿಲಿಗೆ ಹಿಡಿದರೆ ಸಕ್ಕರೆಯಂತೆ ಹರಳುಗಳು ಮಿನುಗಬೇಕು. ಮಿನುಗದಿದ್ದರೆ ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಎರಕ ಹೊಯ್ದ ಕೃತಕ ವಸ್ತುವಾಗಿರಬಹುದು. ಬಳಿಕ ನಿಂಬೆರಸದ ಒಂದು ಹನಿ: ಹತ್ತು ನಿಮಿಷದ ಮೇಲೆ ಒರೆಸಿದಾಗ ನುಣುಪು ಮುಖ ಮಂಕಾಗಿದ್ದರೆ ಕ್ಯಾಲ್ಸೈಟ್ ಎಂದು ತಿಳಿಯಬಹುದು. ಮೆಗ್ನೀಸಿಯಂ ಬೆರೆತ ಡಾಲೊಮೈಟ್ ಜಾತಿಯ ಅಮೃತಶಿಲೆಯೂ ಉಂಟು. ಅದು ತುಸು ಗಡಸು, ಆಮ್ಲಕ್ಕೆ ನಿಧಾನವಾಗಿ ಸೋಲುತ್ತದೆ. ಸಿಂಕಿಗೆ ಅದೇ ಮೇಲು. ಕನ್ನಡಿಯಂಥ ಹೊಳಪಿಗಿಂತ, ಹೊಳಪು ಕೊಡದೆ ನಯಗೊಳಿಸಿದ ಮುಖವನ್ನು ಆರಿಸಿದರೆ ಮಚ್ಚೆ ಎದ್ದು ಕಾಣದು. (ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ಅದನ್ನು ನೆಲಕ್ಕೆ ಹಾಸಿದವರಿಗೂ ನಿಂಬೆಹಣ್ಣಿನ ಭಯ ತಪ್ಪಿದ್ದಲ್ಲ.)

ಇನ್ನು ನಿಜವಾದ ತೊಡಕು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗಿ, ನೆಲದೊಳಗಿನ ಸುಣ್ಣದಂಶವನ್ನು ಕರಗಿಸಿಕೊಂಡು ಕೊಳವೆಬಾವಿಗೆ ಬಂದು ಸೇರುತ್ತದೆ. ಈ ಗಡಸುನೀರು ಸಿಂಕಿನಲ್ಲಿ ಆರಿದಾಗ ಅನಿಲ ಹಾರಿಹೋಗಿ, ಸುಣ್ಣದಂಶ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕುಳಿತುಬಿಡುತ್ತದೆ. ನಲ್ಲಿಯ ಬುಡದ ಬಿಳಿಯ ಹಕ್ಕಳೆ ಅದೇ. ಪಿಂಗಾಣಿಯ ಬೇಸಿನ್ನಾಗಿದ್ದರೆ ವಿನೆಗರನ್ನು ಹಚ್ಚಿ ಅದನ್ನು ಕಳೆಯಬಹುದಿತ್ತು, ಪಿಂಗಾಣಿಗೆ ಅದರಿಂದ ಏನೂ ಆಗದು. ಇಲ್ಲಿ ಕಲೆಯೂ ಕಲ್ಲೂ ಒಂದೇ ವಸ್ತು! ಕಲೆಯನ್ನು ತಿನ್ನಲು ಬಂದ ಆಮ್ಲಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದು ಹೇಗೆ? ಶೌಚಾಲಯ ತೊಳೆಯುವ ದ್ರಾವಣಗಳಲ್ಲಿ ಹಲವುಗಳಲ್ಲಿ ಹೈಡ್ರೊಕ್ಲೋರಿಕ್ ಆಮ್ಲವೇ ಇರುತ್ತದೆ. ಅದನ್ನು ಸುರಿದರೆ ಒಂದೇ ದಿನದಲ್ಲಿ ಸಿಂಕಿನ ಅಂದ ಮುಗಿದಂತೆ. ಆದುದರಿಂದ ಹಕ್ಕಳೆ ಕಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ. ಪ್ರತಿಸಲ ಬಳಸಿದ ಮೇಲೂ ಮೆತ್ತನೆಯ ಬಟ್ಟೆಯಿಂದ ನೀರನ್ನು ಒರೆಸಿ ಒಣಗಿಸಬೇಕು. ಬೇಸರದ ಕೆಲಸ, ನಿಜ. ಆದರೆ ಅರ್ಧ ನಿಮಿಷದ್ದು. ಮರಳನ್ನೂ ಉಕ್ಕಿನ ನಾರನ್ನೂ ಹತ್ತಿರ ಸೇರಿಸಬಾರದು.

ಎಣ್ಣೆ, ಚಹ, ಅರಿಸಿನಗಳ ಕಥೆ ಬೇರೆ. ಅವು ಕಲ್ಲನ್ನು ಕರಗಿಸುವುದಿಲ್ಲ, ಅದರ ಸೂಕ್ಷ್ಮರಂಧ್ರಗಳಿಗೆ ಇಳಿಯುತ್ತವೆ. ಅಡಿಗೆಸೋಡವನ್ನು ನೀರಿನಲ್ಲಿ ಕಲಸಿ, ಎಣ್ಣೆಯ ಕಲೆಯ ಮೇಲೆ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟರೆ ಆ ಲೇಪ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಅರಿಸಿನದ ಕಲೆಗೆ ಸಾಬೂನು ಹಾಕಿದೊಡನೆ ಅದು ಕೆಂಪಾಗುವುದನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಕ್ಷಾರ ತಗಲಿದರೆ ಅರಿಸಿನದ ಬಣ್ಣದ ಗುಣವೇ ಹಾಗೆ. ಬಿಸಿಲು ಬೀಳುವೆಡೆಯಾದರೆ ಆ ಬಣ್ಣ ತಾನಾಗಿಯೇ ಮಾಸುತ್ತದೆ.

ರಂಧ್ರಗಳನ್ನು ತುಂಬುವ ರಕ್ಷಕ ಲೇಪಗಳು ಪೇಟೆಯಲ್ಲಿ ದೊರೆಯುತ್ತವೆ. ಅವು ಎಣ್ಣೆ ಬಣ್ಣಗಳನ್ನು ಸಾಕಷ್ಟು ತಡೆಯುತ್ತವೆಯಾದರೂ, ಕಲ್ಲಿನ ಮೇಲ್ಮೈಗೆ ತಗಲುವ ಹುಳಿಯನ್ನು ತಡೆಯಲಾರವು. ಒಂದು ಹನಿ ನೀರನ್ನು ಬಿಟ್ಟು ನೋಡೋಣ: ಕೆಲವು ನಿಮಿಷಗಳಲ್ಲಿ ಆ ಜಾಗ ಕಪ್ಪಿಟ್ಟರೆ ಲೇಪ ಸವೆದಿದೆ, ಮತ್ತೆ ಹಚ್ಚಬೇಕು. ಹುಳಿಯಿಂದ ಮಂಕಾದ ಕಡೆಗೆ ಮಾತ್ರ ಕಲ್ಲುಕೆಲಸದವರನ್ನೇ ಕರೆಯಬೇಕಾಗುತ್ತದೆ. ಅವರು ನುಣುಪಾದ ಸಾಣೆಯಿಂದ ಸುತ್ತಲಿನ ಕಲ್ಲನ್ನೂ ಅಷ್ಟೇ ಆಳಕ್ಕೆ ತೇದು, ತವರದ ಆಕ್ಸೈಡಿನ ಪುಡಿಯಿಂದ ತಿಕ್ಕಿ ಹೊಳಪು ಬರಿಸುತ್ತಾರೆ.